ಎರಡು ಟೇಪಿನ ದೂರ

ನನ್ನ ಅಂಗೈಗೆ ನೀಲಿ ಹತ್ತಿ ಹದಿನೆಂಟು ವರ್ಷ.
ಕೌಲ್ ಬಜಾರಿನ ಓಣಿಯಲ್ಲಿ ದಿನಕ್ಕೆ ಎಂಬತ್ತು ಜೀನ್ಸಿಗೆ
ಜೇಬು ಕೂರಿಸುವ ಕೈ. ಸೋಪಿಗೆ ಹೋಗುವುದಿಲ್ಲ,
ಸೀಮೆಎಣ್ಣೆಗೂ ಇಲ್ಲ.
ಅದನ್ನೇ ಬೋಗುಣಿ ಮಾಡಿ
ನಸುಕಿನ ಐದಕ್ಕೆ ಮಗಳ ಬೆನ್ನು ಬಡಿಯುತ್ತೇನೆ,
ಎಡಕ್ಕೆ ಐದು ನಿಮಿಷ, ಬಲಕ್ಕೆ ಐದು.
ಬಿಳಿ ಸಿಮೀಜಿನ ಮೇಲೆ ಮಸುಕು ಅಂಗೈಗಳು
ಒಂದರ ಮೇಲೊಂದು.

ಮೊದಮೊದಲು ಪಕ್ಕದ ಮನೆಯ ಗಾದಿಲಿಂಗಪ್ಪ
ಬಾಗಿಲು ದೂಡಿ ಒಳಬಂದು ಕಾಲರ್ ಹಿಡಿದಿದ್ದ:
"ಕೂಸಿನ್ನ ಹಿಂಗ ಬಡೀತಾರೇನಲೇ?"

ಹುಟ್ಟಿದ ವಾರಕ್ಕೆ ಮುದ್ದು ಕೊಟ್ಟ ನಮ್ಮವ್ವ
ತುಟಿ ಸವರಿಕೊಂಡು ಅಂದಿದ್ದಳು,
"ಕೂಸು ಉಪ್ಪುಪ್ಪು ಐತಲ್ಲೋ."
ನಕ್ಕೆವು. ದೃಷ್ಟಿ ಅಂದೆವು.
ಉಪ್ಪಾಗಿಯೇ ಬಂದವಳಿಗೆ ಹಿಡಿ ಉಪ್ಪು ನಿವಾಳಿಸಿ
ಒಲೆಗೆ ಹಾಕಿದೆವು, ಚಟಪಟ ಅಂತು.
ಆಮೇಲೆ ಕೆಮ್ಮು. ಆಮೇಲೆ ಟಿಬಿ ಅಂದರು:
ಆರು ತಿಂಗಳು ಗುಳಿಗೆ, ಉಚ್ಚೆ ಕೇಸರಿ, ಕೆಮ್ಮು ಅದೇ.
ಎಂಟನೇ ವರ್ಷಕ್ಕೆ ಒಬ್ಬರು
ಬೆವರು ಪರೀಕ್ಷೆ ಮಾಡಿಸಿ ಅಂದರು.
ಬಳ್ಳಾರಿಯಲ್ಲಿ ಬೆವರಿಗೇನು ಬರ!
ಆದರೂ ಅದನ್ನು ಅಳೆಸಲು
ರಾತ್ರಿಯ ರೈಲು ಹತ್ತಬೇಕಾಯಿತು.

"ಅಕ್ಕನ ಮಗಳನ್ನ ಮಾಡಿಕೊಂಡಿದ್ದೀರಾ?"
ಬೈಯುವ ದನಿಯಲ್ಲೇನೂ ಕೇಳಲಿಲ್ಲ ಡಾಕ್ಟರು.
ಇಬ್ಬರ ರಕ್ತದಲ್ಲೂ ಅದೇ ಜಾಗದಲ್ಲಿ
ಅದೇ ಒಂದು ಹೊಲಿಗೆ ತಪ್ಪಿತ್ತು.
ಅವತ್ತಿನಿಂದ ನನ್ನ ಹೆಂಡತಿ
ನನ್ನನ್ನು ಮಾಮಾ ಅನ್ನುವುದು ಬಿಟ್ಟಳು.

ಶಾಲೆಯಲ್ಲಿ ಯಾರದೋ ಮೂಗು ಸೋರಿದರೆ ಸಾಕು.
ಅವರಿಗೆ ಮೂರು ದಿನದ ನೆಗಡಿ,
ನನ್ನವಳಿಗೆ ಮೂರು ವಾರದ ಹಾಸಿಗೆ.
ವೈರಸ್ಸು ಕೀಲಿ ಮುರಿದು ತನ್ನ ಪಾಡಿಗೆ ಹೋಗುತ್ತದೆ,
ತೆರೆದ ಬಾಗಿಲಲ್ಲಿ ಬ್ಯಾಕ್ಟೀರಿಯಾ
ಪಾತ್ರೆಪಗಡೆ ಸಮೇತ ಬಂದು ಒಲೆ ಹೂಡುತ್ತದೆ,
ಬಾಡಿಗೆ ಇಲ್ಲ, ಖಾಲಿ ಮಾಡುವುದೂ ಇಲ್ಲ.
ಡಾಕ್ಟರು ಹೇಳಿದ್ದು ಬೇರೆ ಮಾತಲ್ಲಿ.
ಕಫ ಹಸಿರಾದರೆ ಆ ಹುಳದ ಹೆಸರು ಸುಡೊಮೊನಾಸ್.
ಕ್ಲಾಸಿಗೆ ಹೊಸದಾಗಿ ಸೇರಿದವಳ ಸುದ್ದಿ ಹೇಳುವಂತೆ
ಹುಲಿಗೆಮ್ಮ ಹೇಳುತ್ತಾಳೆ,
"ಅಪ್ಪಾ, ಸುಡೊಮೊನಾಸು ಮತ್ತ ಬಂದಾಳ."

ಈ ಸಲ ವಿಮ್ಸಿನಲ್ಲಿ ಹದಿನಾಲ್ಕು ದಿನ.
ಕಿಟಕಿಯಾಚೆ ಕೋಟೆಯ ಬಂಡೆ ಬೆಳಗಾಗುವುದರೊಳಗೆ
ಕಾದ ಹೆಂಚು.
ಒಂಬತ್ತನೇ ದಿನ ನರ್ಸಮ್ಮ ಬಾಯಿಬಿಟ್ಟಳು:
ಕೆಳಗಿನ ವಾರ್ಡಿಗೆ ಸಿಂಧನೂರಿನ ಹುಡುಗ ಬಂದಿದ್ದಾನೆ,
ಇದೇ ಕಾಯಿಲೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ತನ್ನ ಹಾಗೆ ಇನ್ನೊಬ್ಬರು!
ಕೈಯಲ್ಲಿ ಸೂಜಿ ಇದ್ದ ಹಾಗೇ
ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.
"ನಿಲ್ಲು," ಅಂದರು ಡಾಕ್ಟರು.
ಇವಳ ಹುಳ ಅವನಿಗೆ, ಅವನದು ಇವಳಿಗೆ.
ಊರೆಲ್ಲ ಹತ್ತಿರ ಬರಬಹುದು,
ಇವರಿಬ್ಬರು ಮಾತ್ರ ಬರಕೂಡದು.
ಬಯಲಲ್ಲಾದರೆ, ಮಾಸ್ಕ್ ಹಾಕಿ, ಎರಡು ಮೀಟರ್ ಆಚೆ.

ನನ್ನ ಟೇಪು ಒಂದೂವರೆ ಮೀಟರ್.
ಬೇವಿನ ಮರದ ಕೆಳಗೆ ಎರಡು ಟೇಪು ಅಳೆದೆ,
ಜಾಸ್ತಿಯೇ ಇರಲಿ ಅಂತ. ಬಟ್ಟೆಗೆ ಗುರುತು ಹಾಕುವ
ಸೀಮೆಸುಣ್ಣದಲ್ಲಿ ಗೆರೆ ಎಳೆದೆ.
ಈಚೆ ಹುಲಿಗೆಮ್ಮ, ಆಚೆ ಖಾಜಾಹುಸೇನಿ.
ಬಹಳ ಹೊತ್ತು ಮಾತೇ ಇಲ್ಲ.
ಆಮೇಲೆ ಅವನು,
"ನಿನ್ನ ಬೆವರು ಒಣಗಿದ ಮ್ಯಾಲೆ ಬೆಳ್ಳಗಾಕೈತೇನು?"
"ಹೂಂ. ಗೆರಿಗೆರಿ."
"ನಂದೂ."
ಅವಳು ಬಾಟಲಿ ಎತ್ತಿಕೊಳ್ಳಲು ತಿರುಗಿದಾಗ,
"ಬೆನ್ನಿಗೇನದು ನೀಲಿ?"
"ನಮ್ಮಪ್ಪನ ಕೈ."

ಅವನ ತಾಯಿಗೆ ಆ ಬಡಿತ ಯಾರೂ ಕಲಿಸಿರಲಿಲ್ಲ.
ನಾನು ಗೆರೆ ದಾಟುವಂತಿಲ್ಲ, ನನ್ನ ತೋಳಿನ ಮೇಲೆ
ಮಗಳ ಕೆಮ್ಮು ಇರುತ್ತದೆ.
ನಿಂತಲ್ಲೇ ಕೈ ಎತ್ತಿ ತೋರಿಸಿದೆ:
ಬೆರಳು ಬಿಡಬೇಡಿ, ನೀರು ಮೊಗೆದ ಹಾಗೆ ಹಿಡೀರಿ,
ಚಟ್ ಅನ್ನಬಾರದು, ಗುಬ್ ಅನ್ನಬೇಕು.
ಹುಲಿಗೆಮ್ಮ ಕೇಳದೆಯೇ ಬೆನ್ನು ಕೊಟ್ಟಳು.
ನಾನು ಬಡಿದೆ. ಆಚೆ ಆಕೆ ಬಡಿದಳು.
ಚಟ್. ಮತ್ತೆ ಚಟ್. ಸೆರಗು ಸಿಕ್ಕಿಸಿಕೊಂಡಳು.
ಗುಬ್.

ಹುಡುಗ ಮುಖ ತಿರುಗಿಸಿ, ಮೊಣಕಾಲು ಹಿಡಿದು
ತಳದಿಂದ ಕೆಮ್ಮಿದ.
ನನ್ನ ಮಗಳು ಗೆರೆಯ ಈಚೆ ಕುಕ್ಕರುಗಾಲಲ್ಲಿ ಕೂತು
ಕಿವಿಗೊಟ್ಟಳು, ಬಲ್ಲವಳ ಹಾಗೆ ತಲೆ ಆಡಿಸಿದಳು:
"ಬಂತು ಬಂತು. ಇನ್ನೊಂಚೂರು ಐತಿ. ಉಗಿ."